ಬೆತ್ತದ ತುದಿಯ ಹಿತ್ತಾಳೆ

ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳೆದು ನೋಡುವ ಕಸುಬು ನನ್ನದು. ಅಳತೆಗೆ ಸಿಗದ್ದನ್ನು ನಂಬುವ ಜಾಯಮಾನ ನನಗಿರಲಿಲ್ಲ. ಪವಾಡದ ಮಾತೆತ್ತಿದವರನ್ನೆಲ್ಲ ಗೇಲಿ ಮಾಡಿದವನು ನಾನು. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ಬೇಸರವಿಲ್ಲ.

ಕುವೈತಿನ ಶುವೈಖ್‌ನಲ್ಲಿ ನಾನು ಲೋಹ ಕಡೆಯುವ ಲೇತ್ ಯಂತ್ರದ ಕೆಲಸಗಾರ. ಮನೆಯ ಬಾಲ್ಕನಿಯಲ್ಲೂ ಒಂದು ಪುಟ್ಟ ಲೇತ್ ಇದೆ. ನಾಲ್ಕು ವರ್ಷಗಳ ಹಿಂದೆ ನಮ್ಮ ಕಫೀಲ್, ಅಂದರೆ ವರ್ಕ್‌ಶಾಪಿನ ಧಣಿ, ರೈಫಲ್ಲಿನ ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟಾವೊಂದನ್ನು ತಂದುಕೊಟ್ಟರು. ಅವರ ಅಣ್ಣ ಯುದ್ಧಕ್ಕೆ ಹೋದವನು ಮರಳಲಿಲ್ಲ, ದೇಹವೂ ಸಿಗಲಿಲ್ಲ. ಅವನು ಹಾರಿಸಿದ ಕೊನೆಯ ಗುಂಡಿನದೆಂದು ಜೊತೆಗಾರನೊಬ್ಬ ಇದನ್ನು ತಂದುಕೊಟ್ಟಿದ್ದನಂತೆ. ಕಫೀಲರ ತಂದೆಗೆ ಕಣ್ಣು ಕಾಣದು.

"ಬಾಬಾರ ಬೆತ್ತದ ತುದಿಗೆ ಇದನ್ನು ಕೂರಿಸಿಕೊಡು ಭಾಯಿ. ಮಗ ಕೈಹಿಡಿದು ನಡೆಸಿದ ಹಾಗಿರುತ್ತೆ" ಎಂದು ಹಿಂದಿಯಲ್ಲಿ ಹೇಳಿದರು.

ಹಳೆಯ ಹಿತ್ತಾಳೆಯನ್ನು ಮೊದಲು ಕಾಯಿಸಿ ಮೆದು ಮಾಡಬೇಕು, ಇಲ್ಲದಿದ್ದರೆ ಸೀಳುತ್ತದೆ. ಗೊತ್ತಿದ್ದೂ, ಇಷ್ಟು ಸಣ್ಣ ಕೆಲಸಕ್ಕೆ ಅದೆಲ್ಲ ಯಾಕೆಂದು ನೇರ ಲೇತಿಗೆ ಬಿಗಿದೆ. ಟಿಕ್ ಎಂದಿತು. ಬಾಯಿಯಿಂದ ಬುಡದವರೆಗೆ ಸೀಳು.

ಶುಕ್ರವಾರದ ಸಂತೆಯ ಗುಜರಿಯಲ್ಲಿ ಅಂಥದ್ದೇ ಇನ್ನೊಂದು ಸಿಕ್ಕಿತು. ಅಳತೆಯಲ್ಲಿ ಕಿಂಚಿತ್ತೂ ಭೇದವಿರಲಿಲ್ಲ. ಈ ಸಲ ಕಾಯಿಸಿ, ಕತ್ತರಿಸಿ, ಚಂದವಾಗಿ ಬೆತ್ತಕ್ಕೆ ಕೂರಿಸಿದೆ.

"ಇದ್ದದ್ದು ಇದ್ದ ಹಾಗೆ ಹೇಳಿ ಮಾರಾಯ್ರೆ, ಮಗನನ್ನು ಕಳಕೊಂಡವರು ಅವರು" ಎಂದಳು ಹೆಂಡತಿ.

"ಕಣ್ಣು ಕಾಣದವರಿಗೆ ಏನು ಗೊತ್ತಾಗ್ತದೆ?" ಎಂದೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಸೀಳಿದ್ದನ್ನು ಎಸೆಯಲು ಮನಸ್ಸಾಗದೆ ಹತ್ತಿಯಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡೆ.

ಜಹ್ರಾದಲ್ಲಿರುವ ಕಫೀಲರ ಮನೆಗೆ ಹೋದಾಗ ಮಧ್ಯಾಹ್ನದ ನಮಾಜು ಮುಗಿದಿತ್ತು. ಕಫೀಲ್ ಬೆತ್ತವನ್ನು ತಂದೆಯ ಕೈಗಿತ್ತರು. ನಾನು ಬಂದಿರುವುದನ್ನು ಮುದುಕರಿಗೆ ಯಾರೂ ಹೇಳಿರಲಿಲ್ಲ. ನಾನು ಬಾಗಿಲ ಬಳಿ ಉಸಿರು ಬಿಗಿಹಿಡಿದು ನಿಂತಿದ್ದೆ.

ಮುದುಕರು ನೆಲಕ್ಕೆ ಒಮ್ಮೆ ಕುಟ್ಟಿದರು. ತಲೆ ವಾಲಿಸಿ ಆಲಿಸಿದರು. "ಇದು ನನ್ನ ಮಗನದಲ್ಲ" ಎಂದರು. ಅಷ್ಟು ಅರಬ್ಬಿ ನನಗೂ ಬರುತ್ತದೆ. ಆಮೇಲೆ ಎದ್ದು, ಬೆತ್ತವನ್ನೂ ಊರದೆ, ನೇರ ನಡೆದು ಬಂದು ನನ್ನ ಎದುರು ನಿಂತರು. ಅಂಗೈಯನ್ನು ನನ್ನ ಜೇಬಿನ ಮೇಲೆ ಇಟ್ಟರು.

ತೆಗೆದುಕೊಟ್ಟೆ. ಅವರು ಸೀಳಿನ ಉದ್ದಕ್ಕೂ ಬೆರಳಾಡಿಸಿ ಅದನ್ನು ಕೆನ್ನೆಗೆ ಒತ್ತಿಕೊಂಡರು. ನಾನು ಅಳುತ್ತಾ ಎಲ್ಲವನ್ನೂ ಒಪ್ಪಿಕೊಂಡೆ. "ನನಗಾದರೂ ಹೇಳಬೇಕಿತ್ತು. ಬಾಬಾ ಬೈಯಲಿಲ್ಲವಲ್ಲ, ಖಲಾಸ್" ಎಂದರು ಕಫೀಲ್.

ಗುಜರಿಯಿಂದ ಅಂಥ ಹತ್ತು ತೋಟಾ ತಂದು, ಕಣ್ಣು ಕಟ್ಟಿಕೊಂಡು ನೆಲಕ್ಕೆ ಕುಟ್ಟಿ ನೋಡಿದ್ದೇನೆ. ನನ್ನ ಕಿವಿಗೆ ಎಲ್ಲವೂ ಒಂದೇ. ಕುರುಡರ ಕಿವಿ ಸೂಕ್ಷ್ಮವೆಂದೇ ಇಟ್ಟುಕೊಳ್ಳೋಣ. ಆದರೆ ಜೇಬಿನೊಳಗೆ ಹತ್ತಿಯಲ್ಲಿದ್ದದ್ದು ಯಾವ ಸದ್ದು ಮಾಡಿತು? ಉತ್ತರ ಗೊತ್ತಿರುವವರು ಯಾರೂ ಈವರೆಗೆ ಸಿಕ್ಕಿಲ್ಲ.

ಅಂದು ಹೊರಡುವ ಮುಂಚೆ, ಬೆತ್ತದ ತುದಿಯ ಸುಳ್ಳನ್ನು ಕಿತ್ತುಬಿಡುತ್ತೇನೆಂದು ಕೈ ಚಾಚಿದ್ದೆ. ಮುದುಕರು ಬೆತ್ತವನ್ನು ಹಿಂದಕ್ಕೆ ಎಳೆದುಕೊಂಡರು.

"ಇರಲಿ ಬಿಡು. ಇದೂ ಯಾರೋ ಒಬ್ಬರ ಮಗನದು. ಆ ತಂದೆ ಎಲ್ಲಿ ಹುಡುಕುತ್ತಿದ್ದಾನೋ" ಎಂದರು.