ಹೃದಯದ ಪಕ್ಕದ ಬಾಣ

ತೊಂಬತ್ತರ ದಶಕದಲ್ಲಿ ಮಲ್ಲೇಶ್ವರದ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸಿದ ಮೇಡಂ, ಕೆರೆಯಿಂದ ತಂದ ಬಸವನಹುಳುಗಳನ್ನು ಲ್ಯಾಬಿನ ಗಾಜಿನ ತೊಟ್ಟಿಯಲ್ಲಿ ಸಾಕುತ್ತಿದ್ದರು. ಎಂಟನೇ ಕ್ರಾಸಿನಲ್ಲಿ ಕೊಂಡ ಪಾಲಕ್‌ನಲ್ಲಿ ಎಳೆ ಎಲೆಗಳೆಲ್ಲ ಅವಕ್ಕೆ; ಬಲಿತವು ಮನೆಯ ಬಸ್ಸಾರಿಗೆ.

ಬಸವನಹುಳುವಿನ ಮೈಗೆ ಪರಾವಲಂಬಿ ಹೊಕ್ಕರೆ ಅದನ್ನು ಮುತ್ತಿ ಕೊಲ್ಲುವ ರಕ್ತಕಣಗಳಿವೆ. ಅವು ಹುಟ್ಟುವುದು ಹೃದಯದ ಪಕ್ಕದ ಒಂದು ಪುಟ್ಟ ಅಂಗದಲ್ಲಿ ಎಂದು ಮೇಡಂ ಬೋರ್ಡಿನ ಚಿತ್ರಕ್ಕೆ ಕೆಂಪು ಬಾಣ ಹಾಕುತ್ತಿದ್ದರು. ಅವರ ಪಿಎಚ್‌ಡಿಯೂ ಅದರ ಮೇಲೆಯೇ. ನಾವು ಪುಸ್ತಕದ್ದನ್ನು ಒಪ್ಪಿಸಿದರೆ ಮಾತ್ರ ರೇಗುತ್ತಿದ್ದರು: "ಓದಿದ್ದು ಬೇಡಮ್ಮ, ಕಂಡಿದ್ದು ಹೇಳು."

ಒಂದು ದಿನ ಪ್ರಾಕ್ಟಿಕಲ್‌ನಲ್ಲಿ, ಸೋಂಕು ತಗುಲಿದ ಹುಳುವಿನ ಸ್ಲೈಡ್ ನೋಡುತ್ತಿದ್ದ ನನ್ನ ಗೆಳತಿ ತಲೆ ಎತ್ತಿದಳು. "ಮೇಡಂ, ಹೃದಯದಿಂದ ಇಷ್ಟು ದೂರದಲ್ಲೂ ರಕ್ತಕಣಗಳು ಒಡೆದು ಎರಡೆರಡಾಗ್ತಾ ಇವೆ, ಇಲ್ಲೂ ಹುಟ್ತಾ ಇವೆ."

ನಾವು ನಕ್ಕೆವು. ಮೇಡಂ ನಗಲಿಲ್ಲ. ಕನ್ನಡಕ ಹಣೆಗೇರಿಸಿ ಮೈಕ್ರೋಸ್ಕೋಪಿಗೆ ಬಗ್ಗಿದವರು ಬೆಲ್ ಹೊಡೆದರೂ ಏಳಲಿಲ್ಲ.

"ಇಷ್ಟು ವರ್ಷ ನಾನು ಹೃದಯದ ಪಕ್ಕ ಬಿಟ್ಟು ಬೇರೆ ಕಡೆ ನೋಡೇ ಇಲ್ಲ ಕಣಮ್ಮ" ಎಂದರು ಕೊನೆಗೆ.

ಮರುದಿನ ಬೋರ್ಡಿನ ಮೇಲೆ ಎಂದಿನ ಬಾಣ ಹಾಕಿ, ಚಾಕ್‌ಪೀಸನ್ನು ಗೆಳತಿಗೆ ಕೊಟ್ಟರು. "ನಿನ್ನ ಬಾಣ ನೀನೇ ಹಾಕು."

"ಪರೀಕ್ಷೆಗೆ ಯಾವುದು ಬರೀಬೇಕು, ಮೇಡಂ?" ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

"ಪರೀಕ್ಷೆಗೆ ನಂದೇ ಸಾಕು."

ಗೆಳತಿಯ ಬಾಣ ಸೊಟ್ಟಗೆ ಬಂತು. ಮುಂದಿನ ವರ್ಷದ ಹುಡುಗಿಯರಿಗೂ ಮೇಡಂ ಎರಡು ಬಾಣ ಹಾಕಿದರಂತೆ, ಎರಡನೆಯದನ್ನು ಹಾಗೇ ಸೊಟ್ಟಗೆ.