ಕೈಬತ್ತಿಯ ದೀಪ

ಹತ್ತಿಯನ್ನು ಕಂಡಾಗಲೆಲ್ಲ ಮುಂಬೈ ಬಳಿಯ ಡೊಂಬಿವಲಿಯ ರಮಾಮಣಿಯವರಿಗೆ ತಾವು ಬೆಳೆದ ಕೋಪರಿಯ ಚಾಳಿನ, ಆ ಒತ್ತೊತ್ತು ಸಾಲುಮನೆಗಳ ಮಧ್ಯಾಹ್ನಗಳು ನೆನಪಾಗುತ್ತವೆ. ಊಟವಾದ ಬಳಿಕ ಉಡುಪಿ ಕಡೆಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ಬೆರಳಿಗೆ ತುಸು ಹಾಲು ಸೋಕಿಸಿ ಬತ್ತಿ ಹೊಸೆಯುತ್ತಿದ್ದರು. ಒಳಗೆ ದೇವರನಾಮ, ಹೊರಗೆ ಲೋಕಲ್ ರೈಲಿನ ಸದ್ದು. ಎಲ್ಲರಿಗಿಂತ ನಯವಾದ ಬತ್ತಿ ರಮಾಮಣಿಯವರ ತಾಯಿ ಸುಗುಣಮ್ಮನವರದು. ಆ ಬೆರಳುಗಳೇ ಮುಂದೆ ಸೊಟ್ಟಗಾಗಿ, ಅನ್ನದ ತುತ್ತನ್ನೂ ಹಿಡಿಯಲಾರದಾದವು. ವಾತವೆಂದು ಎಲ್ಲರೂ ಎಣ್ಣೆ ತಿಕ್ಕಿದರು, ಅಷ್ಟೇ.

ಈಚೆಗೆ ಮುಂಜಾನೆಯ ಹೊತ್ತು ಮಗಳು ರಮಾಮಣಿಯವರ ಬೆರಳಗೆಣ್ಣುಗಳೂ ಊದತೊಡಗಿದವು. ಪತಿ ರಮಾಕಾಂತರು ತಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಒಪ್ಪಿಸಿ, ಆಕೆಯನ್ನು ನೆರೂಳಿನ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ಡಾಕ್ಟರ್ ಅಪರ್ಣಾ ಈ ಕಡೆಯೇ ಹುಟ್ಟಿ ಬೆಳೆದ ಕನ್ನಡದವರು. ರಕ್ತಪರೀಕ್ಷೆಯಲ್ಲಿ ಸಂಧಿವಾತದ ಸುಳಿವಿದೆಯೆಂದೂ, ಅದು ದಿನನಿತ್ಯದ ಕೆಲಸಗಳಿಗೆ ಎಷ್ಟು ಅಡ್ಡಿಯಾಗಿದೆಯೆಂದು ಕೇಳಿ ಅಳೆದೇ ಔಷಧವನ್ನು ನಿಶ್ಚಯಿಸಬೇಕೆಂದೂ ಅವರು ತಿಳಿಸಿದರು. ಆರಂಭದಲ್ಲೇ ತಕ್ಕ ಔಷಧ ಬಿದ್ದರೆ ಬೆರಳು ಉಳಿದಾವು. ತಡವಾದರೆ ಬಾಗಿದ್ದು ನೆಟ್ಟಗಾಗದು.

ಕುಪ್ಪಸದ ಹುಕ್ಕು ಹಾಕುವುದು, ತಲೆ ಬಾಚುವುದು, ನಲ್ಲಿ ತಿರುಗಿಸುವುದು, ತುಂಬಿದ ಪಾತ್ರೆ ಎತ್ತುವುದು, ಡಾಕ್ಟರು ಏನನ್ನು ಕೇಳಿದರೂ ರಮಾಮಣಿಯವರದು ಒಂದೇ ಉತ್ತರ: ತೊಂದರೆ ಇಲ್ಲ. ಸುಳ್ಳಾಡುವ ಜೀವವಲ್ಲ ಅದು. ಮನೆಯ ಕೆಲಸ ನಿಲ್ಲದೆ ಸಾಗುತ್ತಿದ್ದರೆ ಅದಕ್ಕೆ ತೊಂದರೆಯೆಂದು ಹೆಸರಿಡಬಾರದೆಂಬುದು ಚಾಳಿನಲ್ಲಿ ಕಲಿತ ಪಾಠ. ದೇವರ ಸೇವೆ ಮಾಡುವ ಕೈ ಆಗದು ಎನ್ನಬಾರದೆಂದು ತಾಯಿ ಹೇಳುತ್ತಿದ್ದುದೂ ಉಂಟು.

ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆಯೆಂದು ಅಪರ್ಣಾ ವಿಚಾರಿಸಿದರು.

"ಸಹಸ್ರನಾಮ ಮುಗಿಯುವ ತನಕ. ಕೆಲವು ದಿನ ಎರಡನೇ ಸಲ ಹೇಳಿದ್ರೂ ಬಿಡುದಿಲ್ಲ."

"ಆ ಟೈಮ್‌ಗೆ ಮೊದಲೆಲ್ಲ ಕೈ ಏನ್ ಮಾಡ್ತಿತ್ತು, ಕಾಕು?" ಎಂದರು ಅಪರ್ಣಾ, ಚಿಕ್ಕಮ್ಮನನ್ನು ಕರೆಯುವ ಮರಾಠಿ ಮಾತಿನಲ್ಲಿ.

ರಮಾಮಣಿಯವರು ಗಂಡನನ್ನು ನೋಡಿ ತಲೆ ತಗ್ಗಿಸಿದರು. ಬಾಯಿ ನಾಮ ಹೇಳುವಾಗ ಕೈ ಅಂದಂದಿನ ಬತ್ತಿ ಹೊಸೆಯುತ್ತಿತ್ತು. ಚೌತಿಯಿಂದೀಚೆ ಅಂಗಡಿಯ ಬತ್ತಿಯನ್ನು ತಂದು, ತಾಯಿಯ ಹಿತ್ತಾಳೆ ಡಬ್ಬಿಯಲ್ಲಿ ತುಂಬಿಡುತ್ತಿದ್ದೇನೆಂದು ಮೆಲ್ಲನೆ ಒಪ್ಪಿಕೊಂಡರು.

"ದೀಪ ಬೇಗ ಆರುದು ಅದಕ್ಕಾ?" ಎಂದರು ರಮಾಕಾಂತರು. "ನಾನು ಆ ಎಣ್ಣೆಯವನ ಹತ್ರ ಸುಮ್ನೆ ಜಗಳ ಮಾಡಿದ್ದು ಮಾರಾಯ್ತಿ."

ಅಪರ್ಣಾ ನಕ್ಕು, ಊದಿದ ಆ ಕೈಯನ್ನು ತಮ್ಮ ಅಂಗೈಯಲ್ಲಿರಿಸಿಕೊಂಡರು. "ಕೆಲಸ ಆಯ್ತಾ ಅಂತ ಕೇಳ್ತಿಲ್ಲ ಕಾಕು. ಮಾಡುವಾಗ ಕೈಗೆ ಏನಾಗ್ತದೆ, ಅದನ್ನ ಹೇಳಿ. ಕುಪ್ಪಸದ ಹುಕ್ಕು?"

ಸುಗುಣಮ್ಮನವರನ್ನು ಯಾರೂ ಹೀಗೆ ಕೇಳಿರಲಿಲ್ಲ.

"ಕಷ್ಟ ಉಂಟು," ಎಂದರು ರಮಾಮಣಿ. "ಸೊಸೆ ಹಾಕಿ ಕೊಡ್ತಾಳೆ."

ಒಂದೊಂದೇ ಉತ್ತರ ಬದಲಾಯಿತು. ತಡಮಾಡದೆ ಅಂದೇ ಔಷಧ ಆರಂಭವಾಯಿತು.

ಮರುದಿನ ಮುಂಜಾನೆ ಸಹಸ್ರನಾಮದ ಹೊತ್ತಿಗೆ ರಮಾಕಾಂತರು ತಾವೇ ಬತ್ತಿ ಹೊಸೆಯಲು ಹತ್ತಿ ಹಿಡಿದು ದೇವರ ಮುಂದೆ ಕುಳಿತರು. ನಾಮಗಳ ನಡುವೆ ಮಾತನಾಡಬಾರದಾದುದರಿಂದ ರಮಾಮಣಿಯವರು ಹುಬ್ಬಿನಿಂದಲೇ ಗದರಿದರು: ಆ ಬತ್ತಿ ಬಾವಿಯ ಹಗ್ಗದಷ್ಟು ದಪ್ಪವಿತ್ತು.