ಪಾದುವಾ ದಾರಿಯಲ್ಲಿ ಮಡಿವಾಳ ಅಂಕಯ್ಯ

ಮದ್ದೂರು ಮಿಡ್ಲ್ ಸ್ಕೂಲಿನ ವೆಂಕಟೇಶಮೂರ್ತಿ ಮೇಷ್ಟ್ರು ಜರತಾರಿ ಅಂಚಿನ ಪಂಚೆಯುಟ್ಟು ರೈಲ್ವೆ ಸ್ಟೇಷನ್ನಿನಲ್ಲಿ ನಿಂತದ್ದು ಅವರ ನಲವತ್ತೆಂಟು ವರ್ಷದ ಬಾಳಿನಲ್ಲಿ ಅದೇ ಮೊದಲು. ಪಂಚೆ ತಮ್ಮದಲ್ಲ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಹಿಂದಿನ ಸಂಜೆ ಅದನ್ನು ಗುಟ್ಟಾಗಿ ತಂದುಕೊಟ್ಟ ಮಡಿವಾಳ ಅಂಕಯ್ಯನಿಗೂ ಗೊತ್ತಿತ್ತು. ಗೊತ್ತಿಲ್ಲದವರೆಂದರೆ ಪಂಚೆಯ ಒಡೆಯರಾದ, ಕಂದಾಯ ಇಲಾಖೆಯ ಶೇಕದಾರ್ ಶ್ಯಾಮಣ್ಣನವರು ಮಾತ್ರ. ಅವರು ಮೈಸೂರಿನ ಕಡೆಯಿಂದ ಆಗ ತಾನೇ ಬಂದ ರೈಲಿನಿಂದ ಮೊದಲಿಗರಾಗಿ ಕೆಳಗಿಳಿದರು.

ಅವರ ಹಿಂದೆ ಜಪಸರ ಹಿಡಿದ ನಲವತ್ತು ಮಂದಿ ಯಾತ್ರಿಕರು ಇಳಿದರು. ಯಾತ್ರೆಗೆ ದಾರಿ ತೋರಿಸುವ ಹೊಣೆ ಹೊತ್ತಿದ್ದ ಮೇಷ್ಟ್ರು ಸ್ವಾಗತ ಭಾಷಣಕ್ಕೆ ಗಂಟಲು ಸರಿಮಾಡಿಕೊಂಡು ಕೈಯೆತ್ತುವುದಕ್ಕೂ, ಶ್ಯಾಮಣ್ಣನವರು ಬಗ್ಗಿ ಪಂಚೆಯ ಮೂಲೆ ತಿರುವಿ ನೋಡುವುದಕ್ಕೂ ಸರಿಹೋಯಿತು. ಮೂಲೆಯಲ್ಲಿ, ಮಡಿವಾಳರು ಒಂದೊಂದು ಮನೆಗೆ ಒಂದೊಂದು ಬಗೆಯಾಗಿ ಹಾಕುವ ಗೇರುಮಸಿಯ ಗುರುತು: ಎರಡು ಚುಕ್ಕಿ, ಒಂದು ಗೀಟು.

"ಏನ್ರೀ ಮೇಷ್ಟ್ರೇ, ಇದು ನಮ್ಮನೆ ಗುರುತಲ್ವೇ?"

ಎತ್ತಿದ ಕೈ ಎತ್ತಿದಂತೆಯೇ ಇತ್ತು, ಭಾಷಣ ಮಾತ್ರ ಹೊಟ್ಟೆಗಿಳಿಯಿತು. ನಲವತ್ತು ಜೊತೆ ಕಣ್ಣು ಪಂಚೆಯ ಮೇಲೆ. ಆಗ ತಂತಿ ಬೇಲಿಯ ಆಚೆಯಿಂದ, ಕತ್ತೆಯ ಹಗ್ಗ ಹಿಡಿದು ನಿಂತಿದ್ದ ಅಂಕಯ್ಯನ ದನಿ ಬಂತು.

"ಔದು ಬುದ್ಧಿ, ತಮ್ದೇಯ. ಎಲ್ಡ್ ದಿನದಿಂದ ಮೋಡ ಕವ್ಕಂಡು ಬಿಸ್ಲೇ ಇಲ್ಲ. ಮೇಷ್ಟ್ರು ಎಂಗೂ ಸುಮ್ನೆ ತಿರುಗ್ತಿರ್ತಾರೆ, ಅವ್ರ ಮ್ಯಾಲೆ ಆಕಿದ್ರೆ ಬಿರ್ನೆ ಆರ್ತದೆ ಅಂತ ಆಕಿವ್ನಿ."

ಶ್ಯಾಮಣ್ಣನವರು ಪಂಚೆಯನ್ನೊಮ್ಮೆ ಮುಟ್ಟಿ ನೋಡಿದರು. "ಇನ್ನೂ ಸ್ವಲ್ಪ ತೇವ ಇದೆ" ಎಂದು ಹೇಳಿ ಹೊರಟುಹೋದರು. ಆ ತೇವ ಮೇಷ್ಟ್ರ ಬೆವರಿನದು.

ಈ ಯಾತ್ರೆಯ ಹಿನ್ನೆಲೆ ಹೀಗೆ. ಮಂಡ್ಯದಲ್ಲಿದ್ದ ಬೆರ್ನಾರ್ ಪಾದ್ರಿಗಳು ಫ್ರಾನ್ಸ್ ದೇಶದವರು. ಈ ಸೀಮೆಯ ರಾಗಿಮುದ್ದೆ ನುಂಗಿ ಮೂವತ್ತು ವರ್ಷ ಕಳೆದವರು. ಸಂತ ಅಂತೋಣಿಯವರು ತೀರಿಕೊಂಡು ಏಳುನೂರು ವರ್ಷ ತುಂಬುವ ೧೯೩೧ರಲ್ಲಿ ಇಟಲಿಯ ಪಾದುವಾಕ್ಕೆ ಹೋಗಿ ಸಂತರ ಸಮಾಧಿಗೆ ಹಣೆ ಮುಟ್ಟಿಸಬೇಕೆಂಬುದು ಅವರ ಬಹುದಿನದ ಆಸೆ. ಹಡಗು ಹತ್ತಿದರೆ ಎದೆ ನಿಲ್ಲುತ್ತದೆ ಎಂದರು ಡಾಕ್ಟರು. ಮುಂದಿನ ತಿಂಗಳು ಅವರನ್ನು ದೂರದ ಬೆಟ್ಟದ ಊರಿಗೆ ವಿಶ್ರಾಂತಿಗೆ ಕಳಿಸುವುದೆಂದೂ ತೀರ್ಮಾನವಾಯಿತು. ಮುದುಕರು ಒಂದು ವಾರ ಸಂತರ ಚರಿತ್ರೆಯನ್ನು ಮತ್ತೆ ಮತ್ತೆ ತಿರುವಿ ಹಾಕಿದರು. ಎಂಟನೆಯ ದಿನ ಕಾಗದದ ಮೇಲೆ ಒಂದು ನಕ್ಷೆ ಬರೆದು, ತಮಗೆ ಕನ್ನಡ ವ್ಯಾಕರಣ ಕಲಿಸಿದ್ದ ವೆಂಕಟೇಶಮೂರ್ತಿಗಳನ್ನು ಕರೆಸಿದರು. ಪಾದುವಾಕ್ಕೆ ತಾವು ಹೋಗಲಾಗದಿದ್ದರೆ, ಪಾದುವಾವೇ ಇಲ್ಲಿಗೆ ಬರಬೇಕು!

ನಕ್ಷೆಯ ಪ್ರಕಾರ ಸಂತರು ಹುಟ್ಟಿದ ಲಿಸ್ಬನ್ನೇ ಮಂಡ್ಯ. ಹನಕೆರೆ ಸ್ಟೇಷನ್ನು ಮೊರಾಕೊ. ಸಂತರು ಅಲ್ಲಿ ಕಾಯಿಲೆ ಬಿದ್ದು ವಾಪಸಾದ ಕಾರಣ ಹನಕೆರೆಯಲ್ಲಿ ಯಾರೂ ಇಳಿಯುವಂತಿಲ್ಲ. ಮದ್ದೂರು ರಿಮಿನಿ ಪಟ್ಟಣ. ಸಂತರು ಮೀನುಗಳಿಗೆ ಉಪದೇಶ ಮಾಡಿದ್ದೂ ಅಲ್ಲಿಯೇ, ಮೂರು ದಿನ ಹಸಿದ ಹೇಸರಗತ್ತೆ ಮುಂದಿಟ್ಟ ಮೇವು ಬಿಟ್ಟು ದೇವರಿಗೆ ಮಂಡಿಯೂರಿದ್ದೂ ಅಲ್ಲಿಯೇ. ಇವೆರಡನ್ನೂ ಮದ್ದೂರಿನಲ್ಲಿ ನಡೆಸಿ ತೋರಿಸಬೇಕು, ಹೇಸರಗತ್ತೆಗೆ ಬದಲು ಕತ್ತೆ. ಕೊನೆಗೆ ಎತ್ತಿನ ಗಾಡಿಗಳಲ್ಲಿ ಮಳವಳ್ಳಿ, ಅದೇ ಪಾದುವಾ.

ತೊಡಕೂ ಒಂದಿತ್ತು. ಇದು ಭಕ್ತಿಯೋ ಬಯಲಾಟವೋ ಎಂದು ನೋಡಿ ಬರಲು ಬಿಷಪ್ಪರು ಕನ್ನಡಕದ ಒಬ್ಬ ಎಳೆಯ ಪಾದ್ರಿಯನ್ನು ಜೊತೆಗೆ ಕಳಿಸಿದ್ದರು. ಮದ್ದೂರಿನಲ್ಲಿ ನಗೆಪಾಟಲಾದರೆ ಯಾತ್ರೆ ಅಲ್ಲಿಂದಲೇ ಹಿಂತಿರುಗಬೇಕು. ಹಾಗಾದರೆ ಬೆರ್ನಾರ್ ಪಾದ್ರಿಗಳಿಗೆ ಇಟಲಿಯ ಪಾದುವಾವೂ ಇಲ್ಲ, ಮಳವಳ್ಳಿಯ ಪಾದುವಾವೂ ಇಲ್ಲ. ಇದನ್ನು ಕೇಳಿದ ಮೇಷ್ಟ್ರು ಎದೆ ತಟ್ಟಿಕೊಂಡು, "ಕತ್ತೆಯ ವಿಷಯ ನನಗೆ ಬಿಡಿ ಸ್ವಾಮಿ" ಎಂದುಬಿಟ್ಟಿದ್ದರು. ಕತ್ತೆಯ ವಿಷಯ ಅವರಿಗೇನು ಗೊತ್ತೆಂದು ಕೇಳಿದ್ದು ಅವರ ಹೆಂಡತಿ ಚೂಡಾಮಣಿ ಒಬ್ಬರೇ.

ಗೊತ್ತಿದ್ದವನು ಅಂಕಯ್ಯ. ಶಿಂಷಾ ಹೊಳೆಯ ದಡದಲ್ಲಿ ಹುಟ್ಟಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲೇ ನಡೆಯಲು ಕಲಿತವನು. ಮೂವತ್ತು ವರ್ಷದಲ್ಲಿ ಒಂದು ಕೈಚೌಕವನ್ನೂ ಕಳೆದವನಲ್ಲ. ಮದ್ದೂರಿನವರ ಮುಖ ಮರೆತರೂ ಗುರುತು ಮರೆಯುತ್ತಿರಲಿಲ್ಲ. ಬೀದಿಯಲ್ಲಿ ಎದುರಾದವರ ಮುಖಕ್ಕಿಂತ ಮೊದಲು ಪಂಚೆಯ ಮೂಲೆ ನೋಡಿ ಕೈಮುಗಿಯುತ್ತಿದ್ದ. ಯಾರ ಮನೆಯಲ್ಲಿ ಜಗಳವಾಗಿ ಸಾರು ಚೆಲ್ಲಿತು, ಯಾರು ಕದ್ದು ನಶ್ಯ ಏರಿಸುತ್ತಾರೆ, ಎಲ್ಲ ಅವನಿಗೆ ಬಟ್ಟೆಯೇ ಹೇಳುತ್ತಿತ್ತು. ಅವನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಹೆಂಡತಿ ದೊಡ್ಡತಾಯಮ್ಮನಿಗೆ ವಿಷಮಜ್ವರ ಬಂದ ವರ್ಷ ಒದ್ದೆ ಬಟ್ಟೆಯಲ್ಲಿ ಮದ್ದೂರಮ್ಮನ ಗುಡಿಯ ಸುತ್ತ ಮೂರು ಸುತ್ತು ಉರುಳಿದ್ದ. ಮೈಯೆಲ್ಲ ತರಚಿ ಎದ್ದವನನ್ನು ಪೂಜಾರಿ, "ನೋಯ್ತದೇನ್ಲಾ?" ಎಂದು ಕೇಳಿದರೆ, "ಅದ್ನ ಅಮ್ಮನ್ನೇ ಕೇಳಿ, ನೆಲ ಅವಳ್ದು" ಎಂದಿದ್ದ.

ಯಾತ್ರೆಗೆ ನಾಲ್ಕು ದಿನವಿದ್ದಾಗ ಮೇಷ್ಟ್ರು ಅವನ ಗುಡಿಸಲಿನ ಮುಂದೆ ಹೋಗಿ ನಿಂತರು.

"ಮೂರು ದಿನ ಉಪವಾಸ ಕೆಡವಬೇಕಂತೆ ಕಣೋ ಅಂಕಯ್ಯ."

"ಯಾರ್ನ ಬುದ್ಧಿ, ಪಾದ್ರಿ ಸ್ವಾಮ್ಯೋರ್ನಾ?"

"ನಿನ್ನ ಕತ್ತೇನ."

"ನಮ್ ಚೆಲುವಿ ಏನ್ ತಪ್ ಮಾಡ್ತು?"

ಮೇಷ್ಟ್ರು ಸಂತರ ಕಥೆಯನ್ನೆಲ್ಲ ಬಿಡಿಸಿ ಹೇಳಿದರು. ಒಳಗಿಂದ ದೊಡ್ಡತಾಯಮ್ಮ ಮೊರದ ಸಮೇತ ಹೊರಗೆ ಬಂದಳು. "ಮೇಷ್ಟ್ರು ಏಕಾದ್ಸಿ ದಿನ ಮೂರ್ ದಪ ಅವಲಕ್ಕಿ ತಿಂತಾರೆ ಅಂತ ಚೂಡಾಮಣಮ್ನೋರೇ ಯೋಳವ್ರೆ. ಮೂಗ್‌ಪ್ರಾಣಿಗೆ ಉಪಾಸ ಯೋಳ್ಕೊಡಾಕ್ ಬಂದವ್ರೆ ಇಲ್ಲಿ!"

"ನೀ ಸುಮ್ಕಿರಮ್ಮಿ" ಎಂದ ಅಂಕಯ್ಯ. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಮೇವು ಮುಟ್ಟಬಾರ್ದು, ಮಂಡಿ ಊರ್ಬೇಕು. ಅಷ್ಟೇ ತಾನೆ? ಆಯ್ತದೆ ಬುಡಿ. ಉಪಾಸ ಮಾತ್ರ ಇಲ್ಲ."

"ಉಪವಾಸ ಇಲ್ಲದೆ ಹೇಗೆ ಮಂಡಿಯೂರುತ್ತೋ?"

"ಮಂಡಿ ಅದೆಯಲ್ಲ ಬುದ್ಧಿ."

ಇದಕ್ಕಿಂತ ಹೆಚ್ಚಿನ ವಿವರಣೆ ಸಿಗಲಿಲ್ಲ. ನಾಲ್ಕು ದಿನ ಮೇಷ್ಟ್ರು ಊಟವನ್ನು ಅರ್ಧಕ್ಕೇ ಬಿಟ್ಟೆದ್ದರು. ಮನೆಯಲ್ಲಿ ಯಾರೋ ಒಬ್ಬರು ಉಪವಾಸವಿದ್ದ ಹಾಗಾಯಿತು ಎಂದು ಚೂಡಾಮಣಿ ಸಮಾಧಾನ ಹೇಳಿದರು.

ಯಾತ್ರೆಯ ಬೆಳಿಗ್ಗೆ ಸ್ಟೇಷನ್ನಿನಿಂದ ಹೊರಟ ಗುಂಪು ಹಾಡು ಹೇಳುತ್ತ ಹೊಳೆಗೆ ಬಂತು. ಮೀನಿನ ಉಪದೇಶ ಚೆನ್ನಾಗಿಯೇ ನಡೆಯಿತು. ಬೆರ್ನಾರ್ ಪಾದ್ರಿಗಳು, "ಎಲೈ ಮತ್ಸ್ಯಗಳಿರಾ!" ಎಂದು ಶುರುಮಾಡುತ್ತಿದ್ದಂತೆ ಮೀನುಗಳು ಗುಂಪುಗುಂಪಾಗಿ ಮೇಲೆ ಬಂದವು. ಮೇಷ್ಟ್ರು ಬೆನ್ನ ಹಿಂದೆ ಕೈಕಟ್ಟಿಕೊಂಡು ನೀರಿಗೆ ಕಡಲೆಪುರಿ ಉದುರಿಸುತ್ತಿದ್ದುದನ್ನು ಕನ್ನಡಕದ ಪಾದ್ರಿ ನೋಡಿದರು; ಒಂದು ಪುಟ್ಟ ಪುಸ್ತಕದಲ್ಲಿ ಏನನ್ನೋ ಬರೆದುಕೊಂಡರು. ಮೇಷ್ಟ್ರು ಉಳಿದ ಪುರಿಯನ್ನು ತಮ್ಮ ಬಾಯಿಗೇ ಹಾಕಿಕೊಂಡರು.

ಬಳಿಕ ಕತ್ತೆಯ ಸರದಿ. ಒಗೆಯುವ ಕಲ್ಲುಗಳ ಹಿಂದೆ, ಬಟ್ಟೆ ಬೇಯಿಸುವ ಉಬ್ಬೆಯ ಒಲೆಯ ಪಕ್ಕದಲ್ಲಿ ಅಂಕಯ್ಯ ಜಾಗ ಗೊತ್ತು ಮಾಡಿದ್ದ. ಅಲ್ಲಿ ವರ್ಷಗಳಿಂದ ಸುರಿದ ಒಲೆಯ ಬೂದಿ ಮೊಣಕಾಲುದ್ದ ಮೆತ್ತಗೆ ಹರಡಿತ್ತು. ಇಂಥ ಕೊಳಕು ಜಾಗವೇಕೆ ಎಂದು ಮೇಷ್ಟ್ರು ಕೇಳಿದರೆ, "ಇಲ್ಲೇ ಆಗ್ಬೇಕು ಬುದ್ಧಿ" ಎಂದ. ಚೆಲುವಿಯ ಬೆನ್ನ ಮೇಲೆ ಇಡೀ ಬ್ರಾಹ್ಮಣರ ಬೀದಿಯ ಬಟ್ಟೆಯ ಗಂಟು ಇತ್ತು.

ಕಥೆಯಲ್ಲಿ ಮೇವು ಹಿಡಿದು ನಿಲ್ಲುವ ಅವಿಶ್ವಾಸಿಯೊಬ್ಬ ಬರುತ್ತಾನೆ. ಆ ಪಾತ್ರ ಬೇರೆ ಯಾರಿಗೂ ಬೇಡವಾಗಿ ಮೇಷ್ಟ್ರಿಗೇ ಬಂತು. ಪರರ ಪಂಚೆಯುಟ್ಟು, ಬೆಂದ ಹುರುಳಿಯ ಕುಕ್ಕೆ ಹಿಡಿದು ಅವರು ಒಂದು ಕಡೆ ನಿಂತರು. ಎದುರಿಗೆ ಬೂದಿಯ ಆಚೆ, ಬೆರ್ನಾರ್ ಪಾದ್ರಿಗಳು ಶಿಲುಬೆಯೆತ್ತಿ ನಿಂತರು. ಅವರ ಕಣ್ಣು ಮಂಜಾದರೂ ಆ ಕತ್ತೆಯನ್ನೇ ಹುಡುಕುತ್ತಿತ್ತು. ಅದನ್ನು ಕಂಡ ಮೇಷ್ಟ್ರಿಗೆ ತಮ್ಮ ಮಾನದ ಚಿಂತೆ ಹೋಗಿ, 'ಮದ್ದೂರಮ್ಮಾ, ಈ ಮುದುಕನಿಗಾಗಿಯಾದರೂ ಕತ್ತೆಯ ಮಂಡಿ ಊರಿಸು ತಾಯಿ' ಎಂಬ ಮೊರೆ ತಾನಾಗಿ ಬಾಯಿಗೆ ಬಂತು. ಅವಿಶ್ವಾಸಿಯ ಪಾತ್ರ ಅಲ್ಲಿಗೆ ಕೆಟ್ಟಿತು.

ಚೆಲುವಿ ಮುಂದೆ ಬಂತು. ಹುರುಳಿಯ ಕುಕ್ಕೆಗೆ ಮೂಗಿಟ್ಟು ಮೂಸಿತು. ಚೆಲುವಿ ಮೇಷ್ಟ್ರ ಮುಖ ನೋಡಿ, ಫುರ್ರ್ ಎಂದು ಸೀನಿ, ಮುಖ ತಿರುಗಿಸಿತು. ಬೆಳಗಿನ ಜಾವ ದೊಡ್ಡತಾಯಮ್ಮ ಅದಕ್ಕೆ ಹೊಟ್ಟೆ ಬಿರಿಯುವಷ್ಟು ಅದೇ ಹುರುಳಿ ತಿನ್ನಿಸಿದ್ದಳೆಂಬುದು ಮೇಷ್ಟ್ರಿಗೆ ತಿಳಿದದ್ದು ಮಾರನೆಯ ದಿನ. ಅಷ್ಟರಲ್ಲಿ ಅಂಕಯ್ಯ ಸದ್ದಿಲ್ಲದೆ ಹಗ್ಗ ಸಡಿಲಿಸಿ ಬೆನ್ನಿನ ಗಂಟನ್ನು ಎತ್ತಿಕೊಂಡ. ಹೊರೆ ಇಳಿದ ಚೆಲುವಿ ಒಮ್ಮೆ ಮೈ ಕೊಡವಿತು. ಎರಡು ಹೆಜ್ಜೆ ಮುಂದಿಟ್ಟಿತು. ಪಾದ್ರಿಗಳ ಶಿಲುಬೆಯ ಕೆಳಗೆ, ಆ ಮೆತ್ತನೆ ಬೂದಿಯಲ್ಲಿ, ಮುಂಗಾಲೆರಡನ್ನೂ ಮಡಿಸಿ ಮಂಡಿಯೂರಿತು.

"ಅಂತೋಣಪ್ಪಾ!" ಎಂದು ಕೂಗುತ್ತ ನಲವತ್ತು ಜನ ನೆಲಕ್ಕೆ ಮಂಡಿಯೂರಿ ಕಣ್ಣು ಮುಚ್ಚಿದರು. "ಕಂಡೆನು, ನಾನು ಕಂಡೆನು" ಎಂದರು ಬೆರ್ನಾರ್ ಪಾದ್ರಿಗಳು. ಅವರ ಗಡ್ಡದ ಮೇಲೆ ಕಣ್ಣೀರು ಇಳಿಯಿತು.

ಹೊರೆ ಇಳಿಸಿದ ಮಡಿವಾಳರ ಕತ್ತೆ ಬೂದಿ ಕಂಡರೆ ಮೊದಲು ಮಂಡಿ ಮಡಿಸುವುದೇನೋ ನಿಜ. ಆದರೆ ಅದು ಅಷ್ಟಕ್ಕೇ ನಿಲ್ಲುವುದಿಲ್ಲ. ಯಾತ್ರಿಕರು ಕಣ್ಣು ಬಿಟ್ಟಾಗ ಚೆಲುವಿ ಅಂಗಾತ ಬಿದ್ದು, ನಾಲ್ಕೂ ಕಾಲು ಆಕಾಶಕ್ಕೆತ್ತಿ, ಆ ಮಗ್ಗುಲಿಂದ ಈ ಮಗ್ಗುಲಿಗೆ ಪರಮಾನಂದದಿಂದ ಹೊರಳಾಡುತ್ತಿತ್ತು. ಎದ್ದ ಬೂದಿಯಲ್ಲಿ ಶಿಲುಬೆಯೂ ಕಾಣಲಿಲ್ಲ, ಶೇಕದಾರರ ಪಂಚೆಯ ಜರಿಯೂ ಕಾಣಲಿಲ್ಲ. ಮೇಷ್ಟ್ರು ಕನ್ನಡಕದ ಪಾದ್ರಿಯತ್ತ ನೋಡಿದರು. ಅವರು ಕರವಸ್ತ್ರವನ್ನು ಬಾಯಿಗೊತ್ತಿಕೊಂಡಿದ್ದರು; ಹೆಗಲು ಕುಲುಕುತ್ತಿತ್ತು. ಅಳುವೋ ನಗುವೋ ತಿಳಿಯಲಿಲ್ಲ. ಕೊನೆಗೆ ಅವರು ಪುಟ್ಟ ಪುಸ್ತಕ ಮುಚ್ಚಿ ಜೇಬಿಗಿಳಿಸಿದರು.

"ಗಾಡಿ ಕಟ್ಟಿಸಿ ಮೇಷ್ಟ್ರೇ. ಪಾದುವಾಕ್ಕೆ ಹೊತ್ತಾಗುತ್ತದೆ" ಎಂದು ಎಲ್ಲರಿಗಿಂತ ಮೊದಲು ಗಾಡಿ ಹತ್ತಿದರು.

ಬೆರ್ನಾರ್ ಪಾದ್ರಿಗಳನ್ನು ಇಬ್ಬರು ಹಿಡಿದು ಹತ್ತಿಸುತ್ತಿದ್ದರು. ಒಂದು ಕಾಲು ಗಾಡಿಯ ಮೇಲೆ, ಒಂದು ಕಾಲು ಮದ್ದೂರಿನ ನೆಲದ ಮೇಲೆ ಇದ್ದಾಗ ಅವರು ನಿಂತರು. ಬೂದಿ ಮೆತ್ತಿದ ಚೆಲುವಿಯ ಮೇಲೆ ಗಂಟು ಹೇರುತ್ತಿದ್ದ ಅಂಕಯ್ಯನ ಕಡೆ ತಿರುಗಿ, ತಮ್ಮ ವ್ಯಾಕರಣಶುದ್ಧ ಕನ್ನಡದಲ್ಲಿ ಮೆಲ್ಲಗೆ ಕೇಳಿದರು.

"ಅಂಕಯ್ಯನವರೇ, ಸಂತರ ಚರಿತ್ರೆಯಲ್ಲಿ ಆ ಪ್ರಾಣಿಯು ಮಂಡಿಯೂರಿತೆಂದು ಮಾತ್ರ ಬರೆದಿದೆ. ನಿಮ್ಮದು ತದನಂತರ ಹೊರಳಾಡಿದ್ದು ಏತಕ್ಕೆ?"

ಅಂಕಯ್ಯ ಹಗ್ಗದ ಗಂಟನ್ನು ಬಿಗಿದು, ಸರಿಯಾಗಿದೆಯೇ ಎಂದು ಎಳೆದು ನೋಡಿ, ಆಮೇಲೆ ಹೇಳಿದ.

"ನಿಮ್ ದೇಸದ್ ಕತ್ತೆ ಮಂಡಿ ಊರಿ ಎದ್ದೋಯ್ತು ಬುದ್ಧಿ. ನಮ್ದು ಉರುಳುಸೇವೆನೂ ಮುಗಿಸ್ಬುಡ್ತು."